ಹಾದುಹೋಗುವ ಜಾಗದ ದೀಪ

ಮನೆಯ ದೀಪಗಳಲ್ಲಿ ಎರಡು ಬಗೆ. ನಾವು ಕೂತಲ್ಲಿ ಉರಿಯುವುದು ಒಂದು, ನಾವು ಹಾದುಹೋಗುವಲ್ಲಿ ಉರಿಯುವುದು ಇನ್ನೊಂದು. ಹಾಲ್, ಅಡುಗೆಕಟ್ಟೆ, ಓದುವ ಮೇಜು, ಊಟದ ಜಾಗ ಮೊದಲ ಬಗೆಯವು. ಮೆಟ್ಟಿಲು, ರೂಮಿನಿಂದ ಬಚ್ಚಲಿಗೆ ಹೋಗುವ ಪ್ಯಾಸೇಜು, ಹಿತ್ತಿಲ ಬಾಗಿಲು, ಸ್ಕೂಟರು ನಿಲ್ಲಿಸುವ ಮೂಲೆ ಎರಡನೆಯವು. ಮನೆ ಕಟ್ಟಿಸುವಾಗ ಮೊದಲನೆಯದರ ಬಗ್ಗೆ ಗಂಡ ಹೆಂಡತಿ ವಾರಗಟ್ಟಲೆ ಮಾತಾಡುತ್ತಾರೆ. ಎರಡನೆಯದನ್ನು ಕೇಳುವವರಿಲ್ಲ, ಗೃಹಪ್ರವೇಶ ಹತ್ತಿರ ಬಂದಾಗ ವೈರಿಂಗಿನವರು ಉಳಿದ ಹೋಲ್ಡರೊಂದನ್ನು ಅಲ್ಲಿ ಸಿಕ್ಕಿಸಿ ಹೋಗುತ್ತಾರೆ. ಆದರೆ ಮನುಷ್ಯರು ಎಡವುವುದು, ಜಾರುವುದು, ಕತ್ತಲಲ್ಲಿ ಗೋಡೆ ತಡಕುವುದು ಎಲ್ಲ ಈ ಎರಡನೆಯ ಜಾಗಗಳಲ್ಲೇ. ಜನ ಬಂದರೆ ತಾನೇ ದೀಪ ಹೊತ್ತಿಸುವ ಸೆನ್ಸರ್ ಸ್ವಿಚ್ಚು ಇರುವುದು ಇಂಥ ಜಾಗಗಳಿಗಾಗಿಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೂತಿರುವ ಜಾಗಕ್ಕೆ ಅದನ್ನು ತಂದಾಗಲೇ ತಕರಾರು ಶುರುವಾಗುವುದು.

ಇದಕ್ಕೆ ಮೊದಲು ನಮ್ಮಲ್ಲಿ ಉಪಾಯ ಇರಲಿಲ್ಲ ಎಂದಲ್ಲ. ಜೀರೋ ಬಲ್ಬು ಇತ್ತಲ್ಲ, ಹಸಿರೋ ಕೆಂಪೋ ಬಣ್ಣದ್ದು, ರಾತ್ರಿಯಿಡೀ ಪ್ಯಾಸೇಜಿನಲ್ಲಿ ಉರಿಯುತ್ತಿತ್ತು. ಅದಕ್ಕೆ ಖರ್ಚೇ ಇಲ್ಲವೆಂದು ಎಲ್ಲರೂ ನಂಬಿದ್ದರು. ವಾಸ್ತವದಲ್ಲಿ ಅದು 12ರಿಂದ 15 ವಾಟ್ ಎಳೆಯುತ್ತಿತ್ತು. ಚಕ್ರ ತಿರುಗುವ ಹಳೆಯ ಮೀಟರುಗಳಿಗೆ ಅಷ್ಟು ಸಣ್ಣ ಹೊರೆ ಸರಿಯಾಗಿ ತಾಕುತ್ತಿರಲಿಲ್ಲ, ಅಷ್ಟೆ. ಇವತ್ತಿನ ಒಂದು ಒಳ್ಳೆಯ ಎಲ್‌ಇಡಿ ಬಲ್ಬು 9 ವಾಟಿನಲ್ಲಿ ಇಡೀ ಕೋಣೆ ಬೆಳಗುತ್ತದೆ. ಮೆಟ್ಟಿಲಿಗೆ ಟೂ ವೇ ಸ್ವಿಚ್ಚು ಇತ್ತು, ಈಗಲೂ ಇದೆ. ಕೆಳಗೆ ಹಾಕಿ ಮೇಲೆ ಹೋಗಿ ಆರಿಸುವ ಆ ಜೋಡಿ ಸ್ವಿಚ್ಚಿನ ಬಗ್ಗೆ ನನಗೆ ತುಂಬಾ ಗೌರವ. ಎರಡು ಸ್ವಿಚ್ಚು, ನಡುವೆ ಒಂದಿಷ್ಟು ವೈರು, ಕೆಡುವುದಕ್ಕೆ ಬೇರೇನೂ ಇಲ್ಲ. ಕೈ ಖಾಲಿ ಇರುವವರಿಗೆ, ಕಣ್ಣು ಚುರುಕಾಗಿರುವವರಿಗೆ ಅದೇ ಸಾಕು. ಆದರೆ ಒಣಗಿದ ಬಟ್ಟೆಯ ರಾಶಿ ಎರಡೂ ಕೈಯಲ್ಲಿ ಅಪ್ಪಿಕೊಂಡು ತಾರಸಿಯಿಂದ ಇಳಿಯುವವರಿಗೆ, ನಿದ್ದೆಗಣ್ಣಿನಲ್ಲಿ ಏಳುವ ಎಂಬತ್ತರ ಅತ್ತೆಗೆ ಸಾಲದು.

ಅತ್ತೆಯ ಮಾತು ಬಂತು. ವಯಸ್ಸಾದವರ ಕಣ್ಣಿನ ವಿಷಯವನ್ನು ಮನೆ ಕಟ್ಟಿಸುವವರೆಲ್ಲ ತಿಳಿದಿರಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹುಡುಗಿಯ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಮೂರನೆಯ ಒಂದು ಭಾಗವಷ್ಟೇ ಅರವತ್ತು ದಾಟಿದವರಿಗೆ ದಕ್ಕುತ್ತದೆ. ಕತ್ತಲಿಗೆ ಒಗ್ಗಿಕೊಳ್ಳಲೂ ಅವರಿಗೆ ಹೆಚ್ಚು ಹೊತ್ತು ಬೇಕು. ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿ ಮತ್ತೆ ಮೊದಲಿನಂತೆ ಓಡಾಡದೇ ಹೋದದ್ದನ್ನು ನೋಡದ ಮನೆತನ ನಮ್ಮಲ್ಲಿ ಕಡಿಮೆ. ಅದಕ್ಕೇ ನಾನು ಸೆನ್ಸರನ್ನು ಶೋಕಿಯ ಸಾಮಾನೆಂದು ಕರೆಯುವವರ ಜೊತೆ ಜಗಳಕ್ಕೇ ಇಳಿಯುತ್ತೇನೆ.

ಇನ್ನು ಸೆನ್ಸರಿನ ಆ ಬಿಳಿ ಗುಬುಟಿನೊಳಗೆ ಏನಿದೆ ಎನ್ನುವುದು. ಇದು ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು. ಹೀಗೆ ಸಿಕ್ಕಿದ್ದು ಅವಕೆಂಪು ಕಿರಣ. ನಮ್ಮ ಮೈ ಕೂಡ ಹಗಲೂ ರಾತ್ರಿ ಅದನ್ನು ಸೂಸುತ್ತಲೇ ಇರುತ್ತದೆ, ಸುಮಾರು 10 ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿ. ಅದಕ್ಕೂ ನೂರು ವರ್ಷ ಮೊದಲು ಡಚ್ ವ್ಯಾಪಾರಿಗಳು ಸಿಂಹಳದಿಂದ ಟೂರ್ಮಲೀನ್ ಎಂಬ ಹರಳನ್ನು ಯುರೋಪಿಗೆ ಒಯ್ದಿದ್ದರು. ಕೆಂಡದ ಪಕ್ಕ ಇಟ್ಟು ಕಾಯಿಸಿದರೆ ಅದು ಬೂದಿಯನ್ನು ತನ್ನತ್ತ ಎಳೆಯುತ್ತಿತ್ತು. ಶಾಖ ಬದಲಾದಾಗ ಹರಳಿನ ಮೈಯಲ್ಲಿ ವಿದ್ಯುತ್ತು ಹುಟ್ಟುವ ಗುಣ ಅದು. ಈಗಿನ ಸೆನ್ಸರಿನೊಳಗೆ ಅದೇ ಗುಣದ ಬೇರೆ ಹರಳಿನ ಎರಡು ಪುಟ್ಟ ತುಣುಕುಗಳಿರುತ್ತವೆ. ಎರಡಕ್ಕೂ ಒಂದೇ ಶಾಖ ತಾಕಿದರೆ ಒಂದರ ಲೆಕ್ಕವನ್ನು ಇನ್ನೊಂದು ಹೊಡೆದುಹಾಕುತ್ತದೆ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ತಾಕಿದರೆ ಮಾತ್ರ ಯಾರೋ ಚಲಿಸಿದರು ಎಂದು ಗೊತ್ತಾಗುತ್ತದೆ. ಇದಕ್ಕೆ ಪಿಐಆರ್ ಎನ್ನುತ್ತಾರೆ.

ಮೇಲಿನ ಬಿಳಿ ಮುಚ್ಚಳ ಧೂಳು ತಡೆಯುವುದಕ್ಕೆ ಎಂದುಕೊಂಡವರೇ ಹೆಚ್ಚು. ಹತ್ತಿರದಿಂದ ನೋಡಿ, ಅದರಲ್ಲಿ ಚೌಕ ಚೌಕ ಗೆರೆಗಳಿವೆ. ಒಂದೊಂದು ಚೌಕವೂ ಒಂದು ಮಸೂರ. ಫ್ರಾನ್ಸಿನ ಅಗಸ್ಟೀನ್ ಫ್ರೆನೆಲ್ ದೀಪಸ್ತಂಭಗಳಿಗಾಗಿ ಇಂಥ ಮಸೂರ ರೂಪಿಸಿದ. 1823ರಲ್ಲಿ ಕಾರ್ಡುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಅಲ್ಲಿ ಒಂದು ದೀಪದ ಬೆಳಕನ್ನು ಸಮುದ್ರಕ್ಕೆ ಕಳಿಸುತ್ತಿದ್ದ ಉಪಾಯ, ಇಲ್ಲಿ ಮನೆಮಂದಿಯ ಮೈಬಿಸಿಯನ್ನು ಒಳಗೆ ಬರಮಾಡಿಕೊಳ್ಳುತ್ತಿದೆ. ಈ ಮಸೂರಗಳಿಂದಾಗಿ ಸೆನ್ಸರಿನ ನೋಟ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡಿರುತ್ತದೆ. ಅಡ್ಡ ಹಾದವರು ಕಡ್ಡಿಯಿಂದ ಕಡ್ಡಿಗೆ ದಾಟುತ್ತಾರೆ, ದೀಪ ತಟ್ಟನೆ ಹತ್ತುತ್ತದೆ. ನೇರ ಎದುರಿಗೆ ಬಂದವರು ಒಂದೇ ಕಡ್ಡಿಗುಂಟ ನಡೆದಂತೆ. ತೀರ ಹತ್ತಿರ ಬರುವವರೆಗೂ ಅದಕ್ಕೆ ಸುಳಿವಿಲ್ಲ. ಆದ್ದರಿಂದ ಉದ್ದ ಪ್ಯಾಸೇಜಿನ ಕೊನೆಯ ಗೋಡೆಗೆ ಸೆನ್ಸರ್ ಹಾಕಿಸಬೇಡಿ. ಬಾಗಿಲು ದಾಟುವಾಗಲೇ ಮನುಷ್ಯ ಅಡ್ಡ ಸಿಗುವಂತೆ ಪಕ್ಕದ ಗೋಡೆಗೋ ಸೂರಿಗೋ ಹಾಕಿಸಿ. ಅಂಗಡಿಯಲ್ಲಿ ಎಷ್ಟು ಅಡಿ ದೂರ, ಎಷ್ಟು ಡಿಗ್ರಿ ಎಂದೆಲ್ಲ ಹೇಳುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ.

ಇನ್ನೊಂದು ಜಾತಿ ಮೈಕ್ರೋವೇವ್ ಸೆನ್ಸರ್. ಅದು ತಾನೇ ಅಲೆ ಕಳಿಸಿ ಮರಳಿದ್ದನ್ನು ಅಳೆಯುತ್ತದೆ. 1842ರಲ್ಲಿ ಡಾಪ್ಲರ್ ಹೇಳಿದ ತತ್ವ. ಚುರುಕು ಹೆಚ್ಚು, ಸೆಕೆಯ ಹಂಗಿಲ್ಲ. ಆದರೆ ಅದರ ಅಲೆ ಗಾಜು, ಪ್ಲೈವುಡ್ಡು, ತೆಳು ಗೋಡೆಗಳನ್ನು ದಾಟುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹೊರಗೆ ಪಕ್ಕದ ಮನೆಯವರು ನಡೆದರೆ ಒಳಗೆ ನಿಮ್ಮ ದೀಪ ಹತ್ತುತ್ತದೆ. ಪಿಐಆರ್ ಅಂಥದಲ್ಲ, ಕಿಟಕಿಯ ಗಾಜನ್ನೂ ದಾಟದು. ಹೆಚ್ಚಿನ ಮನೆಗಳಿಗೆ ಅದೇ ಸರಿ ಎನ್ನುತ್ತೇನೆ.

ಬಿಸಿಲಿನ ಊರುಗಳ ಮಾತು ಬೇರೆ. ಪಿಐಆರ್ ನೋಡುವುದು ಮೈಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಕಾದ ಗೋಡೆ ಸಂಜೆಯಾದರೂ ನಮ್ಮ ಚರ್ಮದಷ್ಟೇ ಬೆಚ್ಚಗಿರುತ್ತದೆ. ಆಗ ಸೆನ್ಸರ್ ಮಂಕಾಗುತ್ತದೆ, ಕೈಬೀಸಿ ಕರೆಯಬೇಕಾಗುತ್ತದೆ. ಅಲ್ಲಿಯವರು ಒಳಾಂಗಣದಲ್ಲಾದರೂ ಮೈಕ್ರೋವೇವ್ ಯೋಚಿಸುವುದು ಒಳ್ಳೆಯದು, ಇಲ್ಲವೇ ಚಳಿಗಾಲದ ಹೊಂದಿಕೆಯನ್ನೇ ನೆಚ್ಚಿಕೊಳ್ಳದೆ ಬೇಸಿಗೆಯಲ್ಲಿ ಒಮ್ಮೆ ಸೆನ್ಸರಿನ ಮೇಲಿನ ದೂರದ ತಿರುವು ಬದಲಿಸಬೇಕು.

ವೈರಿಂಗಿಗೆ ಬರೋಣ. ಬಾಡಿಗೆ ಮನೆಯವರಿಗೆ ದಾರಿ ಸುಲಭ: ಸೆನ್ಸರ್ ಒಳಗೇ ಇರುವ ಬಲ್ಬು ಸಿಗುತ್ತದೆ, ಇದ್ದ ಹೋಲ್ಡರಿಗೆ ಸಿಕ್ಕಿಸಿ, ಸ್ವಿಚ್ಚು ಆನ್ ಮಾಡಿಟ್ಟರೆ ಮುಗಿಯಿತು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಸ್ವಂತ ಮನೆಯಲ್ಲಿ ಬೋರ್ಡಿನಲ್ಲೇ ಸೆನ್ಸರ್ ಕೂರಿಸುವಾಗ ತೊಡಕು ಬರುವುದು ನ್ಯೂಟ್ರಲ್ಲಿನದು. ನಮ್ಮ ಮೆಟ್ಟಿಲ ಬೋರ್ಡನ್ನು ಬಿಚ್ಚಿದ ಹುಡುಗ ಟೆಸ್ಟರ್ ಇಟ್ಟು ನೋಡಿ, "ಅಕ್ಕಾ, ಇದ್ರಲ್ಲಿ ನ್ಯೂಟ್ರಲ್ ಇಲ್ಲ, ಫೇಸು ಬಂದು ಹಾಗೇ ಬಲ್ಬಿಗೆ ಹೋಗಿದೆ" ಅಂದ.

"ಪಕ್ಕದ ಪ್ಲಗ್ ಪಾಯಿಂಟಿಂದ ಎಳೆಯಕ್ಕಾಗಲ್ವೇನಪ್ಪಾ?"

"ಎಳೀಬೋದು ಅಕ್ಕಾ. ಆದ್ರೆ ಎರಡೂ ಒಂದೇ ಲೈನಾ ನೋಡ್ಬೇಕು. ಬೇರೆ ಲೈನಿನ ನ್ಯೂಟ್ರಲ್ ಸೇರಿಸಿದ್ರೆ ಟ್ರಿಪ್ ಆಗ್ತಾನೇ ಇರುತ್ತೆ."

ಕೆಲಸ ಬಲ್ಲವನ ಮಾತು. ಅದೇ ಲೈನಿನ ಕಪ್ಪು ವೈರನ್ನು ಹುಡುಕಿ ತಂದ ಮೇಲೆಯೇ ಅವನು ಮುಂದುವರಿದದ್ದು. ನ್ಯೂಟ್ರಲ್ ಸಿಗಲಿಲ್ಲವೆಂದು ಹಸಿರು ಅರ್ಥ್ ವೈರಿಗೆ ಸೇರಿಸಿ ಕೆಲಸ ಮುಗಿಸುವವರೂ ಇದ್ದಾರೆ. ದೀಪವೇನೋ ಹತ್ತುತ್ತದೆ, ಆದರೆ ಎಲ್ಲೋ ಅರ್ಥಿಂಗ್ ಕಡಿದರೆ ಗೀಸರಿನ ಮೈಗೂ ಫ್ರಿಜ್ಜಿನ ಮೈಗೂ ಕರೆಂಟು ಬಂದು ಕೂರುತ್ತದೆ. ಹಾಗೆ ಮಾಡಲು ಬಿಡಲೇಬಾರದು. ನ್ಯೂಟ್ರಲ್ ಬೇಡದ ಎರಡು ವೈರಿನ ಸೆನ್ಸರುಗಳೂ ಇವೆ. ಅವು ಬಲ್ಬಿನ ಮೂಲಕವೇ ತಮ್ಮ ಪಾಲಿನ ಚೂರು ಕರೆಂಟು ಎಳೆದುಕೊಳ್ಳುವುದರಿಂದ ಸಣ್ಣ ಎಲ್‌ಇಡಿಗಳು ಆರಿದ ಮೇಲೂ ಮಿಣಮಿಣ ಎನ್ನುತ್ತಿರುತ್ತವೆ. ಮೂರು ವೈರಿನದೇ ಕೊಳ್ಳಿ. ಜೊತೆಗೆ ಸೆನ್ಸರಿಗೆ ಸಮಾನಾಂತರವಾಗಿ ಮಾಮೂಲಿ ಸ್ವಿಚ್ಚೊಂದನ್ನು ಹಾಕಿಸಿಕೊಳ್ಳಿ. ನೆಂಟರು ಬಂದ ದಿನ, ಮೆಟ್ಟಿಲ ಮೇಲೆ ಮಕ್ಕಳು ಕೂತು ಆಡುವ ದಿನ ದೀಪ ಒಂದೇ ಸಮ ಉರಿಯಬೇಕಲ್ಲ. ಇನ್ವರ್ಟರ್ ಇದ್ದರೆ ಆ ಲೈನಿಗೇ ಕೊಡಿಸಿ. ಕರೆಂಟು ಹೋಗಿ ಬಂದಾಗ ಸೆನ್ಸರ್ ಸುಧಾರಿಸಿಕೊಳ್ಳಲು ಅರ್ಧ ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ದೀಪ ತನಗೆ ತಾನೇ ಹತ್ತಿದರೆ ಗಾಬರಿ ಬೇಡ.

ಮಲೆನಾಡಿನ ನೆಂಟರ ಮನೆಯಲ್ಲಿ ಈ ಮಾತು ಬಂದಾಗ ಚರ್ಚೆ ಹಿತ್ತಿಲ ಕಡೆಗೆ ತಿರುಗಿತು. ಬಚ್ಚಲುಮನೆ, ಸೌದೆಯ ರಾಶಿ, ಕೊಟ್ಟಿಗೆ ಎಲ್ಲ ಅಲ್ಲಿ. ರಾತ್ರಿ ಅಲ್ಲಿ ಓಡಾಡುವ ಕಟ್ಟುಹಾವನ್ನು ತುಳಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಹಾವು ಕಡಿತವನ್ನು 2024ರಲ್ಲಿ ಕರ್ನಾಟಕ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದು ಎಷ್ಟು ದೊಡ್ಡ ವಿಷಯವೆಂದು ಇದರಿಂದಲೇ ತಿಳಿಯಬೇಕು. ಸೆನ್ಸರ್ ಹಾವನ್ನು ಕಾಣುವುದಿಲ್ಲ. ಹಾವಿನ ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರುತ್ತದೆ. ಅದು ಕಾಣುವುದು ನಮ್ಮನ್ನು. ನಮಗೆ ದಾರಿ ಕಾಣುವಂತೆ ಮಾಡುತ್ತದೆ, ನೋಡಿ ಕಾಲಿಡುವುದು ನಮ್ಮ ಕೆಲಸ. ಕೊಟ್ಟಿಗೆಯ ಕಡೆಗೆ ಮುಖ ಮಾಡಿ ಹಾಕಿದರೆ ಮಾತ್ರ ಕೆಲಸ ಕೆಟ್ಟಿತು. ಹಸುವಿನ ಮೈಬಿಸಿ ನಮ್ಮದಕ್ಕಿಂತ ಹೆಚ್ಚು, ಅದು ತಲೆ ಕೊಡವಿದಾಗೆಲ್ಲ ದೀಪ ಹತ್ತುತ್ತದೆ, ಪಾಪ ಅದಕ್ಕೂ ನಿದ್ದೆಯಿಲ್ಲ. ದಾರಿಯ ಕಡೆಗಷ್ಟೇ ನೋಟ ಇರುವಂತೆ ಉಳಿದ ಚೌಕಗಳಿಗೆ ಒಳಗಡೆಯಿಂದ ಟೇಪು ಅಂಟಿಸಿದರೆ ಸಾಕು. ಹೊರಗಿನದಕ್ಕೆ ಮಳೆ ತಡೆಯುವ ಐಪಿ65 ಗುರುತು ಇರುವುದನ್ನೇ ತನ್ನಿ. ಆಗುಂಬೆ ಕಡೆಯ ಮಳೆಗೆ ಅದಕ್ಕಿಂತ ಕಡಿಮೆಯದು ಒಂದು ಮಳೆಗಾಲವನ್ನೂ ದಾಟುವುದು ಕಷ್ಟ.

ರಾತ್ರಿಯಿಡೀ ಉರಿಯುವ ದೀಪಕ್ಕಿಂತ ಇದು ಹಿತ್ತಿಲಿಗೆ ಒಳ್ಳೆಯದು ಎನ್ನಲು ನನಗೆ ಇನ್ನೊಂದು ಕಾರಣವೂ ಇದೆ. ಮುಂಗಾರಿಗೆ ಮುಂಚೆ ಮಲೆನಾಡಿನ ಮರಗಳಲ್ಲಿ ಮಿಂಚುಹುಳುಗಳು ಒಂದಕ್ಕೊಂದು ಬೆಳಕಿನಲ್ಲೇ ಮಾತಾಡಿಕೊಳ್ಳುತ್ತವೆ. ನಮ್ಮ ದೀಪ ಉರಿಯುತ್ತಿದ್ದರೆ ಅವಕ್ಕೆ ಜೊತೆ ಸಿಗುವುದಿಲ್ಲ. ಕತ್ತಲೆಯನ್ನೂ ಉಳಿಸಿಕೊಳ್ಳಬೇಕು, ಅದು ಬೇರೆಯವರದೂ ಹೌದು. ಬೇಕಾದಷ್ಟು ಹೊತ್ತು ಮಾತ್ರ ಬೆಳಕು ಕೊಡುವ ಈ ಸಾಧನ ಆ ಕತ್ತಲೆಯನ್ನು ಗೌರವಿಸುತ್ತದೆ.

ದುಡ್ಡಿನ ಲೆಕ್ಕ ಕೇಳುವವರಿಗೆ ನಾನು ಆಸೆ ಹುಟ್ಟಿಸುವುದಿಲ್ಲ. 9 ವಾಟಿನ ಬಲ್ಬು ರಾತ್ರಿ 12 ತಾಸು ಉರಿದರೂ ತಿಂಗಳಿಗೆ ಮೂರು ಚಿಲ್ಲರೆ ಯೂನಿಟ್ಟು. ಸೆನ್ಸರ್ ಕೂಡ ದಿನವಿಡೀ ಎಚ್ಚರವಾಗಿರಲು ಒಂದಿಷ್ಟು ತಿನ್ನುತ್ತದೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಬಿಲ್ಲೇ ಇಲ್ಲ. ಇದನ್ನು ಕೊಳ್ಳಬೇಕಾದದ್ದು ಕಾಲಿಗಾಗಿ, ಸೊಂಟಕ್ಕಾಗಿ, ಸಾಮಾನು ಹೊತ್ತ ಕೈಗಾಗಿ.

ಬಚ್ಚಲುಮನೆಯ ಒಳಗೆ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಪಿಐಆರ್ ಬೇಡ. ಅದು ಕೂತು ಅಲುಗಾಡದವರನ್ನು ಮರೆತುಬಿಡುತ್ತದೆ, ಒದ್ದೆ ನೆಲದ ಮೇಲೆ ಹಠಾತ್ ಕತ್ತಲಾಗುವುದಕ್ಕಿಂತ ಅಪಾಯ ಬೇರೆಯಿಲ್ಲ. ಬಾಗಿಲವರೆಗಿನ ದಾರಿ ಸೆನ್ಸರಿನದು, ಒಳಗಿನ ದೀಪ ಕೈಯದು.

ಕೊನೆಗೆ ತಿರುವುಗಳು. ಸಾಮಾನ್ಯವಾಗಿ ಮೂರಿರುತ್ತವೆ: ಎಷ್ಟು ಹೊತ್ತು ಉರಿಯಬೇಕು, ಎಷ್ಟು ಕತ್ತಲಾದ ಮೇಲೆ ಎಚ್ಚರವಾಗಬೇಕು, ಎಷ್ಟು ದೂರ ನೋಡಬೇಕು. ಹೊತ್ತಿನ ತಿರುವನ್ನು ಮನೆಯ ಅತ್ಯಂತ ನಿಧಾನದ ಕಾಲಿಗೆ ತಕ್ಕಂತೆ ಇಡಿ. ಅತ್ತೆಯವರು ಕೋಲು ಊರಿಕೊಂಡು ಮಂಚದಿಂದ ಬಚ್ಚಲಿಗೆ ಹೋಗಲು ಹಿಡಿಯುವ ಸಮಯ, ನಡುವೆ ಗೋಡೆ ಹಿಡಿದು ನಿಲ್ಲುವ ಸಮಯ, ಅದರ ಮೇಲೆ ಇನ್ನೊಂದಿಷ್ಟು. ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ನಡುದಾರಿಯಲ್ಲಿ ಕತ್ತಲು. ದೀಪದ ಬೆಳಕು ಸೆನ್ಸರಿನ ಮೇಲೇ ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬೆಳಗಾಯಿತೆಂದು ತಿಳಿದು ತಾನೇ ಆರಿಸಿಕೊಳ್ಳುತ್ತದೆ. ಬಲ್ಬು ಹಳದಿ ಛಾಯೆಯದಿರಲಿ, ಬಿಳಿ ಬೆಳಕು ಕಣ್ಣಿಗೆ ರಾಚಿ ಬಂದ ನಿದ್ದೆಯನ್ನೂ ಓಡಿಸುತ್ತದೆ. ಹಲ್ಲಿಗಳು ಹುಳ ಹಿಡಿಯಲು ಬಂದು ಆ ಗುಬುಟಿನ ಮೇಲೇ ಓಡಾಡಿ ದೀಪ ಹೊತ್ತಿಸುವುದುಂಟು. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಜೇಡರ ಬಲೆ ತೆಗೆದರೆ ಅವುಗಳ ಓಡಾಟವೂ ತಗ್ಗುತ್ತದೆ. ಇಷ್ಟೆಲ್ಲ ಹೊಂದಿಸಿದ ಮೇಲೆ, ವೈರಿಂಗಿನ ಹುಡುಗ ಹೊರಡುವ ಮುನ್ನ ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿ, ಮನೆಯ ಹಿರಿಯರನ್ನೇ ಒಮ್ಮೆ ಆ ದಾರಿಯಲ್ಲಿ ನಡೆಸಿ ನೋಡಿ. ಮೊದಲ ಹೆಜ್ಜೆಗೇ ದೀಪ ಹತ್ತದಿದ್ದರೆ ಸೆನ್ಸರನ್ನು ಅರ್ಧ ಅಡಿ ಈಚೆಗೆ ಸರಿಸಲು ಹೇಳಿ, ಆಮೇಲೆ ಸ್ಕ್ರೂ ಬಿಗಿ ಮಾಡಿಸಿ.