ಒಂಬತ್ತು ಕ್ಯಾರೆಟ್ಟಿನ ಉಂಗುರ

ಇಂಗ್ಲೆಂಡಿನ ಕಡಲತೀರಗಳಲ್ಲಿ ಲೋಹಶೋಧಕ ಹಿಡಿದು ಅಲೆಯುವವರು ಬಹಳ. ಹೆಚ್ಚಿನವರು ನನ್ನ ಹಾಗೆ ಪಿಂಚಣಿದಾರರು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಕೋಲು, ಕೋಲಿನ ತುದಿಗೆ ದೋಸೆಕಾವಲಿಯಂಥ ತಟ್ಟೆ. ಮರಳಿನಡಿ ಲೋಹವಿದ್ದರೆ ಅದರಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಕಿವಿಯಲ್ಲಿ ಕುಂಯ್ ಎನ್ನುತ್ತದೆ. ತಮಾಷೆಯೆಂದರೆ ಚಿನ್ನದುಂಗುರಕ್ಕೂ ಬಿಯರ್ ಡಬ್ಬಿಯ ಅಲ್ಯೂಮಿನಿಯಂ ಕೊಕ್ಕೆಗೂ ಈ ಯಂತ್ರ ಹೆಚ್ಚುಕಡಿಮೆ ಒಂದೇ ರಾಗ ಹಾಡುತ್ತದೆ. ಕೊಕ್ಕೆ ಬೇಡವೆಂದು ಮುಂದೆ ನಡೆದರೆ ಉಂಗುರವೂ ಮರಳಲ್ಲೇ ಉಳಿದೀತು. ಹಾಗಾಗಿ ಚಿನ್ನದ ಆಸೆಯವರು ಊರ ಕುಡುಕರ ಕಸವನ್ನೆಲ್ಲ ಹೆಕ್ಕಲೇಬೇಕು. ನಗರಸಭೆಗೆ ಇದರಿಂದ ಲಾಭವೇ.

ಮಗಳ ಪಕ್ಕದ ಮನೆಯವರು ಹೀಗೆ ಹೆಕ್ಕುವವರು. ನನ್ನದೇ ಓರಗೆ. "ನಮ್ಮಪ್ಪ ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಕೊಡುತ್ತಿದ್ದರು" ಎಂದು ಮಗಳು ಎಂದೋ ಹೇಳಿದ್ದಳಂತೆ. ಒಂದು ಸಂಜೆ ಅವರು ಬಂದು, ಮಡಚಿದ ಕರವಸ್ತ್ರ ಬಿಡಿಸಿ, ಹಳದಿ ಉಂಗುರವೊಂದನ್ನು ನನ್ನ ಮುಂದಿಟ್ಟರು. ಅಸಲಿಯೋ ನಕಲಿಯೋ?

ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದವನು ನಾನು, ನಿಜ. ಚಿನ್ನ ನೋಡುತ್ತಿದ್ದವರು ಆಚಾರ್ರು.

ಕುಂದಾಪುರದ ಕಡೆಯ ನಮ್ಮ ಶಾಖೆಯಲ್ಲಿ ಅವರದೊಂದು ಮೂಲೆ. ಪುಟ್ಟ ತಕ್ಕಡಿ, ಕಪ್ಪು ಒರೆಗಲ್ಲು, ಗಾಜಿನ ಬಿರಡೆಯ ಆಸಿಡ್ ಬಾಟಲಿ. ಜೂನ್ ಬಂತೆಂದರೆ ಶಾಲೆ ಫೀಜು, ಗದ್ದೆ ಬೇಸಾಯ ಎರಡೂ ಒಟ್ಟಿಗೇ ಬರುತ್ತಿದ್ದವು. ಹೆಂಗಸರು ಬಳೆ, ಬೆಂಡೋಲೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆಚಾರ್ರು ಒಡವೆಯನ್ನು ಮೊದಲು ಅಂಗೈಯಲ್ಲೇ ತೂಗಿ ನೋಡುವರು. ಆಮೇಲೆ ಕಲ್ಲಿನ ಮೇಲೆ ಒಂದು ಗೀರು, ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಇನ್ನೊಂದು ಗೀರು, ಎರಡರ ಮೇಲೂ ಆಸಿಡ್ಡಿನ ಹನಿ. ಹಿತ್ತಾಳೆಯಾದರೆ ಗೀರು ಕುದಿದು ಅಳಿಸಿಹೋಗುತ್ತದೆ. ಮಟ್ಟ ಕಡಿಮೆಯಾದರೆ ಮಂಕಾಗುತ್ತದೆ. ಒಳ್ಳೆಯ ಚಿನ್ನ ಅಲುಗುವುದೇ ಇಲ್ಲ. ಬಳೆಯೊಳಗಿನ ಅರಗಿನ ತೂಕ, ಓಲೆಯ ಕಲ್ಲಿನ ತೂಕ ಕಳೆದು ಅವರು ಚೀಟಿ ಬರೆದರೆ ಮುಗಿಯಿತು, ನನ್ನ ಸಹಿಗೆ ಅದರ ಮುಂದೆ ಬೆಲೆಯಿಲ್ಲ. ನಕಲಿ ಬಂದರೂ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಅಮ್ಮ, ಇದಕ್ಕೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ, ಮನೆಯಲ್ಲೇ ಇರಲಿ" ಎನ್ನುವರು. ಗಂಡನೋ ಮೈದುನನೋ ಯಾವಾಗಲೋ ಸರ ಬದಲಿಸಿದ್ದನೆಂದು ಆಕೆಗೆ ಅಲ್ಲಿಯೇ ಹೊಳೆಯುತ್ತಿತ್ತು. ಆದರೂ ಅದನ್ನೇ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದಳು.

ಈಗ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇದೆ. ಎಕ್ಸ್‌ರೇ ಬಿಟ್ಟು ಕ್ಷಣದಲ್ಲಿ ಶೇಕಡಾವಾರು ಹೇಳುತ್ತದೆ. ಆದರೆ ಅದಕ್ಕೆ ಕಾಣುವುದು ಮೇಲುಮೇಲಿನ ಪದರ ಮಾತ್ರ. ಲೇಪ ದಪ್ಪವಿದ್ದರೆ ಮೋಸ ಹೋಗುತ್ತದೆ. ಆಚಾರ್ರು ಅನುಮಾನ ಬಂದಲ್ಲಿ ಅರದಿಂದ ಸಣ್ಣಗೆ ಉಜ್ಜಿ ಒಳಮೈ ನೋಡುತ್ತಿದ್ದರು. ಅರ ಮೋಸ ಹೋದದ್ದಿಲ್ಲ.

ಇಂಗ್ಲೆಂಡಿನಲ್ಲಿ ನನಗೆ ಆಚಾರ್ರೂ ಇಲ್ಲ, ಒರೆಗಲ್ಲೂ ಇಲ್ಲ. ಉಂಗುರ ಹಸಿರುಗಟ್ಟಿರಲಿಲ್ಲ, ಉಪ್ಪುನೀರಲ್ಲಿ ಬಿದ್ದ ಹಿತ್ತಾಳೆಗೆ ಆ ಅದೃಷ್ಟವಿಲ್ಲ. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತಕ್ಕೆ ಅಂಟಲಿಲ್ಲ. ಅದರಿಂದ ಕಬ್ಬಿಣವಲ್ಲ ಎಂದಾಯಿತು ಅಷ್ಟೆ, ತಾಮ್ರವೂ ಅಂಟುವುದಿಲ್ಲ. ಸಿನಿಮಾದವರ ಹಾಗೆ ಕಚ್ಚಿ ನೋಡಲು ನನ್ನ ಹಲ್ಲು ಈಗ ಉಂಗುರಕ್ಕಿಂತ ದುಬಾರಿ. ಭೂತಗನ್ನಡಿಯಲ್ಲಿ ಒಳಸುತ್ತನ್ನು ನೋಡಿದೆವು. 'ಜಿಪಿ' ಎಂದಿದ್ದರೆ ಲೇಪವೆಂದು ಅರ್ಥ. ಹಾಗೇನೂ ಇರಲಿಲ್ಲ. 375 ಎಂಬ ಅಂಕಿ, ಪಕ್ಕದಲ್ಲಿ ಒಂದು ಲಂಗರು.

"ಹಡಗಿನವರದ್ದು" ಎಂದಳು ಹೆಂಡತಿ. ಅಲ್ಲವಂತೆ, ಬರ್ಮಿಂಗ್‌ಹ್ಯಾಮಿನ ಮುದ್ರೆಯಂತೆ. 1773ರಿಂದ ಅಲ್ಲಿನ ಪರೀಕ್ಷಾ ಕಚೇರಿಯ ಗುರುತು ಲಂಗರು. ಸಮುದ್ರದ ಗಾಳಿಯೂ ಸೋಕದ ಊರಿಗೆ ಲಂಗರು ಕೊಟ್ಟವರ ಜಾಣತನಕ್ಕೆ ಏನೆನ್ನಲಿ? 375 ಎಂದರೆ ಸಾವಿರ ಪಾಲಿನಲ್ಲಿ ಅಷ್ಟು ಚಿನ್ನ, ಒಂಬತ್ತು ಕ್ಯಾರೆಟ್. 916ರ ಬಳೆ ತೊಟ್ಟ ನನ್ನವಳು ಲೆಕ್ಕ ಹಾಕಿದಳು: "ಉಳಿದ 625 ಬೇರೆಯದ್ದಾ? ಹಾಗಾದರೆ ಇದು ಚಿನ್ನ ಬೆರೆಸಿದ ತಾಮ್ರ ಮಾರಾಯ್ರೆ!" ಮಗಳು ಇದನ್ನು ಇಂಗ್ಲಿಷಿಗೆ ತರಲಿಲ್ಲ, ಒಳ್ಳೆಯದಾಯಿತು. ಆ ದೇಶದಲ್ಲಿ ಎಷ್ಟೋ ಮದುವೆಯುಂಗುರಗಳು ಈ ಮಟ್ಟದವೇ. ನಮ್ಮಲ್ಲೂ 2025ರಲ್ಲಿ ಒಂಬತ್ತು ಕ್ಯಾರೆಟ್ಟಿಗೆ ಹಾಲ್‌ಮಾರ್ಕ್ ಬಂದಿದೆ. ಚಿನ್ನದ ಬೆಲೆ ನಮ್ಮನ್ನೂ ಅಲ್ಲಿಗೇ ತಂದು ನಿಲ್ಲಿಸಿತು.

ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದೆಂದು ಹೆಂಡತಿಯ ತಕರಾರು. ಸರಿ, ನೀರಿನ ಪರೀಕ್ಷೆಗಿಳಿದೆವು. ಗ್ರಾಮಿನ ನೂರನೇ ಪಾಲನ್ನೂ ತೋರುವ ತಕ್ಕಡಿ ಪಕ್ಕದ ಮನೆಯವರಲ್ಲಿತ್ತು. ಉಂಗುರ 4.40 ಗ್ರಾಂ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ದಾರ ಕಟ್ಟಿದ ಉಂಗುರವನ್ನು ತಳಕ್ಕೆ ತಾಗದಂತೆ ಮುಳುಗಿಸಿದೆವು. 0.39 ಎಂದಿತು. ಭಾಗಿಸಿದರೆ ಹನ್ನೊಂದು ಚಿಲ್ಲರೆ. ಹಿತ್ತಾಳೆಗೆ ಎಂಟೂವರೆಯ ಹತ್ತಿರ ಬರಬೇಕು, 22 ಕ್ಯಾರೆಟ್ಟಿಗೆ ಹದಿನೇಳು ದಾಟಬೇಕು. ಒಂಬತ್ತು ಕ್ಯಾರೆಟ್ಟಿಗೆ ಹನ್ನೊಂದೇ ಸರಿ. ಆರ್ಕಿಮಿಡೀಸ್ ಬೀದಿಗೆ ಓಡಿದನಂತೆ. ನಾವು ಚಹಾ ಕುಡಿದೆವು.

ಮುದ್ರೆಯ ಆಚೆ ಇನ್ನೇನೋ ಕೆತ್ತಿತ್ತು: ಇಬ್ಬರ ಹೆಸರಿನ ಮೊದಲಕ್ಷರ, 1974. ಬದುಕಿದ್ದರೆ ಅವರೂ ನಮ್ಮ ವಯಸ್ಸಿನವರೇ. ಬ್ರಿಟನ್ನಿನ 1996ರ ನಿಧಿ ಕಾಯಿದೆಗೆ ಒಂಟಿ ಉಂಗುರ ಸಾಮಾನ್ಯವಾಗಿ ಮುನ್ನೂರು ವರ್ಷ ಹಳೆಯದಾಗಿರಬೇಕು. ಇದು ನಿಧಿಯಲ್ಲ, ಯಾರದೋ ಕಳೆದುಹೋದ ವಸ್ತು. ವಾರಸುದಾರರನ್ನು ಹುಡುಕದೆ ಇಟ್ಟುಕೊಂಡರೆ ಕಳ್ಳತನ. ಪಕ್ಕದ ಮನೆಯವರು ತೀರದ ಚಹಾದಂಗಡಿಯಲ್ಲಿ ಚೀಟಿ ಅಂಟಿಸಿದರು. ಕೆತ್ತಿದ ಅಕ್ಷರಗಳನ್ನು ಮಾತ್ರ ಬರೆಯಲಿಲ್ಲ. ಅದನ್ನು ಹೇಳಿದವರಿಗೇ ಉಂಗುರ. ನಾವು ವಿಮಾನ ಹತ್ತುವವರೆಗೂ ಯಾರೂ ಬಂದಿರಲಿಲ್ಲ.

ಉಂಗುರ ತೊಟ್ಟು ಕಡಲಿಗಿಳಿಯುವವರಿಗೆ ಒಂದು ಮಾತು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರಿದ್ದು ತಿಳಿಯುವುದೇ ಇಲ್ಲ. ಮಲ್ಪೆಯಾಗಲಿ ಮರವಂತೆಯಾಗಲಿ, ಬಿಚ್ಚಿ ಮನೆಯಲ್ಲಿಟ್ಟು ಹೋಗಿ. ಹೊಸ ಒಡವೆಯಾದರೆ ಒಳಗೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತಿರುತ್ತದೆ. ಅದನ್ನು ಬಿಲ್ಲಿನ ಜೊತೆ ಎಲ್ಲಾದರೂ ಬರೆದಿಟ್ಟುಕೊಳ್ಳಿ.