ಬಾಟಲಿಯ ಬಿಸಿಲು

ಬಸುರಿಗೆ ಕೇಸರಿ ಹಾಲು ಕುಡಿಸಿ, ಕೂಸು ಕೆಂಪಗೆ ಹುಟ್ಟಲೆಂದು ಹಾರೈಸುವ ಸೀಮೆಯವರು ನಾವು. ಅತ್ತ ಇಂಗ್ಲೆಂಡಿನ ಬಸುರಿಯ ಚಿಂತೆಯೇ ಬೇರೆ: ಈ ಸ್ಥಿತಿಯಲ್ಲಿ ಮೈಗೆ ಕಂದು ಬಣ್ಣ ಹಚ್ಚಿಕೊಳ್ಳಬಹುದೇ? ನಗಬೇಡಿ. ಬಿಸಿಲಿಗೆ ಬರಗಾಲವಿರುವ ನಾಡದು. ಕಂದಿದ ಮೈಯೆಂದರೆ ಸ್ಪೇನಿನ ಕಡಲತೀರಕ್ಕೆ ಹೋಗಿಬಂದ ಗತ್ತು. ಎರಡನೇ ಮಹಾಯುದ್ಧದಲ್ಲಿ ಕಾಲುಚೀಲಕ್ಕೆ ತತ್ವಾರ ಬಂದಾಗ ಅಲ್ಲಿನ ಹೆಂಗಸರು ಗ್ರೇವಿಗೆ ಹಾಕುವ ಬಣ್ಣವನ್ನೇ ಕಾಲಿಗೆ ಬಳಿದು, ಹುಬ್ಬಿನ ಪೆನ್ಸಿಲ್ಲಿನಲ್ಲಿ ಹಿಂದುಗಡೆ ಹೊಲಿಗೆಯ ಗೆರೆ ಎಳೆದುಕೊಂಡು ಹೊರಟವರು. ಮಳೆ ಬಂದರೆ ಮುಗಿಯಿತು ಕಥೆ.

ಮೈಯನ್ನು ಕಂದಾಗಿಸುವ ಈಗಿನ ಬಾಟಲಿಯಲ್ಲಿರುವುದು ಡೈಹೈಡ್ರಾಕ್ಸಿಅಸಿಟೋನ್. ಹೆಸರು ಬಾಯಿತುಂಬ ಇದ್ದರೂ ಅದೊಂದು ಬಗೆಯ ಸಕ್ಕರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್ಗೆನ್‌ಸ್ಟೈನ್ ಎಂಬಾಕೆ ಇದನ್ನು ಕಾಯಿಲೆಯ ಮಕ್ಕಳಿಗೆ ಔಷಧವಾಗಿ ಕುಡಿಸಿ ನೋಡುತ್ತಿದ್ದರು. ಮಕ್ಕಳಲ್ಲವೇ, ಉಗುಳಿದವು. ಬಟ್ಟೆಗೆ ಬಿದ್ದದ್ದು ಕಲೆಯಾಗಲಿಲ್ಲ. ಚರ್ಮಕ್ಕೆ ಬಿದ್ದಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ಮಚ್ಚೆ! 1960ರ ಹೊತ್ತಿಗೆ ಅದೇ ಸರಕು ಲೋಷನ್ನಾಗಿ ಅಂಗಡಿಗೆ ಬಂತು. ಚರ್ಮದ ಮೇಲ್ಪದರದ ಸತ್ತ ಕೋಶಗಳ ಪ್ರೋಟೀನಿಗೆ ಈ ಸಕ್ಕರೆ ಕೂಡಿ ಕಂದಾಗುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವ ರಸಾಯನವೇ ಇದು, ಒಲೆಯೊಂದು ಬೇಡ. ಹಚ್ಚಿಕೊಂಡವರ ಮೈಯಿಂದ ಬಿಸ್ಕತ್ತಿನ ವಾಸನೆ ಬರುವುದೂ ಅದಕ್ಕೇ. ವಾರದೊಳಗೆ ಸತ್ತ ಕೋಶ ಉದುರಿ, ಬಣ್ಣವೂ ಉದುರುತ್ತದೆ.

ಹೀಗಾಗಿ ಹೊಟ್ಟೆಯ ಕೂಸಿನ ತನಕ ಅದು ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ವೈದ್ಯರ ತಕರಾರು ಹಚ್ಚುವುದರ ಮೇಲಲ್ಲ, ಸ್ಪ್ರೇ ಮಾಡಿಸಿಕೊಳ್ಳುವುದರ ಮೇಲೆ. ಮುಚ್ಚಿದ ಬೂತಿನೊಳಗೆ ನಿಂತು ಮಂಜಿನಂತೆ ಸಿಂಪಡಿಸಿಕೊಂಡರೆ ಉಸಿರಿನೊಂದಿಗೆ ಒಳಹೋಗುತ್ತದೆ. ಅದರ ಪರಿಣಾಮ ಗೊತ್ತಿಲ್ಲದ ಕಾರಣ ಬಸುರಿಯರಿಗೆ ಬೇಡ ಎನ್ನುತ್ತಾರೆ. ಬಸುರಿನಲ್ಲಿ ಚರ್ಮ ಸೂಕ್ಷ್ಮವಾಗುವುದರಿಂದ ಲೋಷನ್ನನ್ನೂ ಮೊದಲು ಚೂರು ಹಚ್ಚಿ ನೋಡಬೇಕು.

ಹಚ್ಚುವುದೇನು ಸಣ್ಣ ಕೆಲಸವೇ? ಏಳು ತಿಂಗಳಾದ ಮೇಲೆ ತನ್ನ ಪಾದ ತನಗೇ ಕಾಣುವುದಿಲ್ಲ. ಆ ಕೆಲಸ ಗಂಡನ ಕೊರಳಿಗೆ. ಅವನೋ, ಗೋಡೆಗೆ ಸುಣ್ಣ ಹೊಡೆದ ಅನುಭವವೂ ಇಲ್ಲದವನು. ಮೊಣಕಾಲು, ಹಿಮ್ಮಡಿಯ ದಪ್ಪ ಚರ್ಮ ಬಣ್ಣ ಹೆಚ್ಚು ಕುಡಿದು ಪಟ್ಟೆಪಟ್ಟೆಯಾಗುತ್ತದೆ. ಕೈ ತೊಳೆಯಲು ಮರೆತರೆ ಮರುದಿನ ಅಂಗೈ ಕಿತ್ತಳೆ. ಇಷ್ಟೆಲ್ಲ ಪಟ್ಟರೂ ಆ ಬಣ್ಣ ನಿಜವಾದ ಬಿಸಿಲನ್ನು ತಡೆಯುವುದಿಲ್ಲ.

ಅವರ ಹುಚ್ಚು ಚರ್ಮದ ಮೇಲಿನದು. ನಮ್ಮದು ಹಾಗಲ್ಲ. ಬಸುರಿನಲ್ಲಿ ಕೆನ್ನೆಗೆ ಬಂಗು ಬಂದರೆ ಸಾಕು, ಪಕ್ಕದ ಮನೆಯವರು ಹೇಳಿದ ಬಿಳುಪಿನ ಕ್ರೀಮು ತಂದಾಯಿತು. ಕೆಲವು ಅಗ್ಗದ ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಕೆಡಿಸುತ್ತದೆ. ಹೈಡ್ರೋಕ್ವಿನೋನ್ ಹಚ್ಚಿದರೆ ಮೂರನೇ ಒಂದು ಪಾಲಿಗೂ ಹೆಚ್ಚು ರಕ್ತಕ್ಕೆ ಸೇರುತ್ತದೆ, ಅದಕ್ಕೇ ಬಸುರಿಯರಿಗೆ ಅದನ್ನು ಬರೆದುಕೊಡುವುದಿಲ್ಲ. ಕಿತ್ತಳೆ ಅಂಗೈಯ ಮೇಮ್ ಸಾಹೇಬಳನ್ನು ನೋಡಿ ನಗುವ ನಮಗಿಂತ ಆಕೆಯೇ ಎಷ್ಟೋ ಜಾಣೆ.

ಕೇಸರಿ ಹಾಲನ್ನು ಬೇಕಾದರೆ ರುಚಿಗೆಂದು ಕುಡಿಯಿರಿ. ಕೂಸಿನ ಬಣ್ಣ ಅಪ್ಪ ಅಮ್ಮನ ಕಡೆಯಿಂದಲೇ ಬರಬೇಕು. ಬಂಗು ಹೆರಿಗೆಯಾದ ಮೇಲೆ ಎಷ್ಟೋ ಮಂದಿಗೆ ತಾನಾಗಿಯೇ ತಿಳಿಯಾಗುತ್ತದೆ. ಅಷ್ಟು ತಾಳ್ಮೆಯಿಲ್ಲದಿದ್ದರೆ, ಮುಂದಿನ ಸಲ ಸ್ಕ್ಯಾನಿಂಗಿಗೆ ಹೋಗುವಾಗ ಆ ಕ್ರೀಮಿನ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.