ಮೀನಿನ ಹೆಜ್ಜೆ

ಮಣೆಯ ಎರಡು ಕಡೆಯೂ ಯಂತ್ರಗಳೇ ಕುಳಿತ ಮೇಲೆ ಚದುರಂಗದಲ್ಲಿ ಮೋಸಕ್ಕೆ ಎಡೆಯೆಲ್ಲಿ ಎಂದು ಯಾರಿಗಾದರೂ ತೋರೀತು. ಇಟ್ಟ ಕಾಯನ್ನು ಹಿಂದೆಗೆಯಲು ಯಂತ್ರವು ಗೋಗರೆಯದು. ಬೆನ್ನ ಹಿಂದೆ ನಿಂತವರ ಕಣ್ಸನ್ನೆಗೆ ಕಾಯದು. ಸೋಲು ಕಂಡಾಗ ಮಣೆಯನ್ನು ಮಗುಚಿ ಏಳುವುದೂ ಇಲ್ಲ. ಆದರೆ ಅದಕ್ಕೆ ಬುದ್ಧಿಯನ್ನು ಬರೆದುಕೊಟ್ಟವನು ಮನುಷ್ಯನಷ್ಟೆ. ನಿಯಮಗಳು ಬೇಕಾದದ್ದು ಅವನಿಗಾಗಿ.

ಕಂಪ್ಯೂಟರುಗಳ ವಿಶ್ವ ಚದುರಂಗ ಸ್ಪರ್ಧೆಯನ್ನು ನಡೆಸುತ್ತಿದ್ದ ಐ.ಸಿ.ಜಿ.ಎ. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಎರಡನೆಯ ನಿಯಮ ಹೀಗಿತ್ತು: ಕಣಕ್ಕಿಳಿಯುವ ಪ್ರೋಗ್ರಾಮು ಬರೆದವರ ಸ್ವಂತ ಕೃತಿಯಾಗಿರತಕ್ಕದ್ದು, ಅನ್ಯರ ಬರವಣಿಗೆ ಸೇರಿದ್ದರೆ ಅವರ ಹೆಸರನ್ನೂ ಮೂಲವನ್ನೂ ಪ್ರವೇಶಪತ್ರದಲ್ಲಿ ಕಾಣಿಸತಕ್ಕದ್ದು. ಓದಲು ಎಷ್ಟು ಸರಳ!

2005ರಲ್ಲಿ ರೇಕ್ಯಾವಿಕ್‌ನ ವಿಶ್ವಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ ‘ಫ್ರೂಟ್’ ಎಂಬ ಪ್ರೋಗ್ರಾಮಿನ ಮೂಲಪಾಠವನ್ನು ಅದರ ಕರ್ತೃ, ಫ್ರಾನ್ಸಿನ ಫಾಬಿಯೆನ್ ಲೆತೂಜೇ, ಅದೇ ವರ್ಷ ಲೋಕಕ್ಕೆ ಬಿಚ್ಚಿಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು. ಆದರೆ ಅದರಿಂದ ಹುಟ್ಟಿದ್ದನ್ನು ಹಂಚುವವರು ತಮ್ಮ ಪಾಠವನ್ನೂ ಹಾಗೆಯೇ ತೆರೆದಿಡಬೇಕು ಎಂಬುದು ಕರಾರು. ಆ ಡಿಸೆಂಬರಿನಲ್ಲಿ ವಾಸಿಕ್ ರೈಲಿಖ್ ಅವರ ‘ರಿಬ್ಕಾ’ ಹೊರಬಂದು ಎಲ್ಲರನ್ನೂ ಹಿಂದೆ ಹಾಕಿತು. ರಿಬ್ಕಾ ಎಂದರೆ ಚೆಕ್ ಭಾಷೆಯಲ್ಲಿ ಪುಟ್ಟ ಮೀನು. 2007ರಿಂದ 2010ರವರೆಗೆ ನಾಲ್ಕು ವರ್ಷ ಅದೇ ವಿಶ್ವವಿಜೇತ. ಫ್ರೂಟನ್ನು ಹಿಂದುಮುಂದಾಗಿ ಓದಿ ಅದರಿಂದ ಅನೇಕ ಸಂಗತಿಗಳನ್ನು ಪಡೆದೆನೆಂದು ರೈಲಿಖ್ ಅವರೇ ಹೇಳಿದ್ದುಂಟು. ಪಡೆದದ್ದು ಭಾವವನ್ನೋ, ಬರಹವನ್ನೋ? ರಾಜಶೇಖರನ ‘ಕಾವ್ಯಮೀಮಾಂಸೆ’ ಶಬ್ದಹರಣ, ಅರ್ಥಹರಣ ಎಂದು ಬೇರ್ಪಡಿಸಿ ಜಿಜ್ಞಾಸೆ ನಡೆಸಿ ಸಾವಿರ ವರ್ಷಗಳಾದುವು. ವ್ಯಾಜ್ಯ ಮಾತ್ರ ಇನ್ನೂ ಹಳೆಯದಾಗಿಲ್ಲ.

2011ರಲ್ಲಿ ಸಂಸ್ಥೆಯು ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ರಿಬ್ಕಾದ ಮೂಲಪಾಠ ಗುಟ್ಟಿನದು. ಯಂತ್ರಕ್ಕಷ್ಟೇ ಅರ್ಥವಾಗುವ ಅಂಕಿಗಳಿಂದ ಹಿಂದಕ್ಕೆ ನಡೆದು ಮೂಲವನ್ನು ಊಹಿಸಬೇಕು. ಕುದಿದಿಳಿದ ಸಾರನ್ನು ರುಚಿ ನೋಡಿ ಪುಡಿ ಯಾರ ಮನೆಯದೆಂದು ಹೇಳುವ ಕೆಲಸ. ಪರೀಕ್ಷಕರಿಗೆ ಹಲವು ಹೋಲಿಕೆಗಳು ಕಂಡುವು. ಅವುಗಳಲ್ಲೊಂದು ತೀರ ಚಿಕ್ಕದು: ಪೂರ್ಣಾಂಕಗಳ ಲೆಕ್ಕದ ನಡುವೆ ಅಗತ್ಯವಿಲ್ಲದ ಒಂದು ದಶಾಂಶದ ಸೊನ್ನೆ, 0.0. ಫ್ರೂಟಿನಲ್ಲಿ ಅದಕ್ಕೆ ಅರ್ಥವಿತ್ತು, ಇಲ್ಲಿರಲಿಲ್ಲ. ಪಕ್ಕದವನ ಉತ್ತರವನ್ನು ಕದಿಯುವ ವಿದ್ಯಾರ್ಥಿ ಕಾಗುಣಿತದ ತಪ್ಪನ್ನೂ ಇಳಿಸಿಕೊಳ್ಳುವುದನ್ನು ಉತ್ತರಪತ್ರಿಕೆ ತಿದ್ದುವವರು ಬಲ್ಲರು. ಆದರೆ ಈ ಸೊನ್ನೆಗೆ ಬೇರೆ ಸಮಾಧಾನವನ್ನು ಹೇಳಿದವರೂ ಇದ್ದರು. ರೈಲಿಖ್ ಅವರಂತೂ ಆರೋಪವನ್ನು ಅಲ್ಲಗಳೆದರು. ಸಮಿತಿಯ ಮುಂದೆ ವಿವರವಾದ ಪ್ರತಿವಾದವನ್ನು ಹೂಡಲಿಲ್ಲ.

ಜೂನ್ ತಿಂಗಳಲ್ಲಿ ತೀರ್ಪು ಬಂದಿತು. ನಾಲ್ಕು ಪದವಿಗಳೂ ಹೋದುವು, ಬಹುಮಾನಗಳನ್ನು ಹಿಂದಿರುಗಿಸಬೇಕೆಂಬ ಆಜ್ಞೆ, ಆಜೀವ ನಿಷೇಧ. ಇಲ್ಲಿ ನ್ಯಾಯದ ತಕ್ಕಡಿ ತುಸು ಅಲುಗಿದಂತೆ ಕಾಣುತ್ತದೆ. ಹಳೆಯ ರಿಬ್ಕಾದಲ್ಲಿ ‘ಕ್ರಾಫ್ಟಿ’ ಎಂಬ ಪ್ರೋಗ್ರಾಮಿನ ತುಣುಕುಗಳೂ ಇದ್ದುವೆಂದು ಆರೋಪ. ಕ್ರಾಫ್ಟಿಯ ಕರ್ತೃ ರಾಬರ್ಟ್ ಹಯಾಟ್ ಅವರೇ ವಿಚಾರಣೆ ನಡೆಸಿದ ಮೂವರಲ್ಲೊಬ್ಬರು! ಸಾಕ್ಷ್ಯ ಎಷ್ಟೇ ಬಲವಾಗಿರಲಿ, ವಾದಿಯು ಪೀಠವೇರಿದರೆ ನೋಡುವವರ ಕಣ್ಣು ಕಿರಿದಾಗದಿರದು. 2015ರಲ್ಲಿ ವಿಶ್ವ ಚದುರಂಗ ಸಂಸ್ಥೆಯಾದ ಫಿಡೆಯ ನೀತಿ ಆಯೋಗವು, ಸ್ಪಷ್ಟವಾದ ನಿಯಮದ ಆಧಾರವಿಲ್ಲದೆ ಆಜೀವ ನಿಷೇಧ ವಿಧಿಸಿದ್ದಕ್ಕಾಗಿ ಐ.ಸಿ.ಜಿ.ಎ.ಗೇ ಎಚ್ಚರಿಕೆ ಕೊಟ್ಟಿತು. ಕೃತಿಚೌರ್ಯದ ನಿರ್ಣಯವನ್ನು ಮಾತ್ರ ರದ್ದುಮಾಡಲಿಲ್ಲ. ಹೆಸರು ಹೇಳದವರಿಗೆ ನಿಯಮವಿತ್ತು. ಶಿಕ್ಷೆ ಕೊಡುವವರಿಗೆ ಇರಲಿಲ್ಲ.

2010ರಲ್ಲಿ ಆರಂಭವಾದ ಟಿ.ಸಿ.ಇ.ಸಿ. ಎಂಬ ಅಂತರ್ಜಾಲ ಪಂದ್ಯಾವಳಿಯಲ್ಲಿ ಯಂತ್ರವು ಯೋಚಿಸುವ ಮುಂದಿನ ನಡೆಗಳೂ ಗೆಲುವಿನ ಅಂದಾಜೂ ಪ್ರೇಕ್ಷಕರಿಗೆ ಆಗಿಂದಾಗ್ಗೆ ಕಾಣುತ್ತವೆ. ಅಲ್ಲಿ ಮತ್ತೆ ಮತ್ತೆ ಗೆದ್ದ ‘ಸ್ಟಾಕ್‌ಫಿಶ್’ ಕೂಡ ಮೀನೇ, ಆದರೆ ಒಣಮೀನು. ಅದು ಟೋರ್ಡ್ ರೋಮ್‌ಸ್ಟಾಡ್ ಅವರ ‘ಗ್ಲೌರುಂಗ್’ ಎಂಬ ಪ್ರೋಗ್ರಾಮಿನಿಂದ 2008ರಲ್ಲಿ ಕವಲೊಡೆದದ್ದು. ಮೂಲಪಾಠದ ಜೊತೆಯಲ್ಲೇ ಕರ್ತೃಗಳ ಪಟ್ಟಿಯೊಂದಿದೆ. ಮೊದಲಿಗೆ ರೋಮ್‌ಸ್ಟಾಡ್ ಅವರ ಹೆಸರು. ಅದರ ಕೆಳಗೆ, ಒಂದೊಂದು ಸಾಲನ್ನಷ್ಟೇ ತಿದ್ದಿದವರನ್ನೂ ಬಿಡದೆ, ನೂರಾರು ಹೆಸರುಗಳು.